ಸಕಲೇಶಪುರದ ಮಳೆಯಲ್ಲಿ ಮಾರ್ವಾಡಿ ಕುದುರೆಯ ಗೊರಸು ನಾರುತ್ತಿದ್ದರೆ

ಮಳೆ ಹಿಡಿದ ಮೇಲೆ ನಿಮ್ಮ ಹೋಂಸ್ಟೇಯ ಮಾರ್ವಾಡಿ ಕುದುರೆಯ ಹಿಂಗಾಲಿನ ಗೊರಸಿನಿಂದ ಕಪ್ಪು ಕೀವು, ಕೊಳೆತ ನಾತ ಬರುತ್ತಿದೆ, ಏನು ಮಾಡಲಿ ಎಂದು ಕೇಳಿದ್ದೀರಿ. ಬಹುಮಟ್ಟಿಗೆ ಇದು ಥ್ರಷ್, ಅಂದರೆ ಗೊರಸಿನಡಿ ಕೊಳೆಯುವ ಸೋಂಕು. ಮಾರ್ವಾಡಿ ಒಣನಾಡಿನ ತಳಿ. ಮಲೆನಾಡಿನ ಕೆಸರು, ಲಾಯದ ಗಂಜಲ ಎರಡೂ ಸೇರಿದರೆ ಗೊರಸಿನಡಿಯ ತ್ರಿಕೋನದ ಮೆತ್ತೆ, ಅಂದರೆ ಫ್ರಾಗ್, ಕೊಳೆಯುತ್ತದೆ.

ಮೊದಲು ಸವಾರಿ ನಿಲ್ಲಿಸಿ. ದಿನಕ್ಕೆರಡು ಸಲ ಹೂಫ್ ಪಿಕ್‌ನಿಂದ (ಗೊರಸು ಕೆರೆಯುವ ಕೊಕ್ಕೆ) ಹಿಮ್ಮಡಿಯಿಂದ ತುದಿಯ ಕಡೆಗೆ ಕೆರೆದು, ಫ್ರಾಗ್‌ನ ಸಂದುಗಳನ್ನು ಬ್ರಷ್‌ನಿಂದ ತಿಕ್ಕಿ ತೊಳೆಯಿರಿ. ಬಟ್ಟೆಯಿಂದ ಪೂರ್ತಿ ಒರೆಸಿ. ಒದ್ದೆಯ ಮೇಲೆ ಹಾಕಿದ ಔಷಧಿ ದಂಡ. ಹೆಚ್ಚಿನವರು ತಪ್ಪುವುದು ಇಲ್ಲೇ. ಆಮೇಲೆ ಪೊವಿಡೋನ್ ಅಯೋಡಿನ್ ಅದ್ದಿದ ಹತ್ತಿಯನ್ನು ಸಂದಿಗೆ ತುರುಕಿ, ದಿನಾ ಬದಲಿಸಿ. ತೋಟದ ಮೈಲುತುತ್ತವೂ ನಡೆಯುತ್ತದೆ: ಲೀಟರ್ ನೀರಿಗೆ 50 ಗ್ರಾಂ. ಪುಡಿಯನ್ನೇ ಹಾಕಿದರೆ ಹಸಿ ಮಾಂಸ ಸುಡುತ್ತದೆ. ತೋಟಕ್ಕೆ ಸಿಂಪಡಿಸಿ ಮಿಕ್ಕ ಬೋರ್ಡೋ ದ್ರಾವಣವಂತೂ ಬೇಡವೇ ಬೇಡ, ಅದರಲ್ಲಿ ಸುಣ್ಣವಿದೆ.

ಲಾಯದ ನೆಲ ಇಳಿಜಾರಾಗಿರಲಿ, ಒದ್ದೆ ಹುಲ್ಲನ್ನು ದಿನಾ ತೆಗೆಯಿರಿ. ಜೋತುಬಿದ್ದ ಫ್ರಾಗ್ ಚೂರುಗಳನ್ನು ನೀವೇ ಕತ್ತರಿಸಬೇಡಿ, ಲಾಳ ಕಟ್ಟುವ ನಾಲಬಂದ್‌ಗೆ ಬಿಡಿ.

ಕುಂಟುತ್ತಿದ್ದರೆ, ಗೊರಸು ಬಿಸಿಯಿದ್ದರೆ ಒಳಗೆ ಕೀವುಗಟ್ಟಿರಲೂಬಹುದು. ನಿಮ್ಮ ಬರಹವನ್ನಷ್ಟೇ ಓದಿ ನಾನು ಅದನ್ನು ಹೇಳಲಾಗದು. ಅಂದೇ ಪಶುವೈದ್ಯರನ್ನು ಕರೆಸಿ, ಧನುರ್ವಾಯು ಲಸಿಕೆಯ ಬಗ್ಗೆಯೂ ಕೇಳಿ.

ವಾಸಿಯಾದ ಮೇಲೆ ಜೀನು ಸೇರಿ ಸವಾರನ ಭಾರ ಕುದುರೆಯ ತೂಕದ 20% ಮೀರದಿರಲಿ: 350 ಕೆ.ಜಿ. ಕುದುರೆಗೆ 70 ಕೆ.ಜಿ.