ಆ ಇನ್ನೊಂದು ಇನ್ಹೇಲರ್ ಬಿಡಬಹುದೇ?

ಪ್ರಶ್ನೆ: ನನಗೆ ಅಸ್ತಮಾ. ಡಾಕ್ಟರು ಎರಡು ಇನ್ಹೇಲರ್ ಕೊಟ್ಟಿದ್ದಾರೆ. ಸಾಲ್ಬುಟಮಾಲ್ ಎಳೆದ ಕೂಡಲೇ ಉಸಿರು ಸಲೀಸಾಗುತ್ತದೆ. ಇನ್ನೊಂದರಿಂದ ಏನೂ ಗೊತ್ತಾಗುವುದಿಲ್ಲ, ಅದರಲ್ಲಿ ಸ್ಟೀರಾಯ್ಡ್ ಬೇರೆ ಇದೆಯಂತೆ. ಅದನ್ನು ಬಿಟ್ಟು, ಸಾಲ್ಬುಟಮಾಲನ್ನೂ ಮಾತ್ರೆಯಲ್ಲೇ ತಗೊಂಡರೆ ಆಗದೇ?

ಸಂಪಾದಕರ ಉತ್ತರ: ದಯವಿಟ್ಟು ನೀವಾಗಿಯೇ ಬಿಡಬೇಡಿ. ಏನೂ ಗೊತ್ತಾಗದ ಆ ಇನ್ಹೇಲರೇ ನಿಮ್ಮನ್ನು ಕಾಯುತ್ತಿರುವುದು.

ಅಸ್ತಮಾದಲ್ಲಿ ಶ್ವಾಸನಾಳದ ಒಳಗೋಡೆ ಊದಿಕೊಂಡಿರುತ್ತದೆ. ಧೂಳೋ ಹೊಗೆಯೋ ತಾಗಿದರೆ ಸುತ್ತಲಿನ ಸ್ನಾಯು ಬಿಗಿದು ದಾರಿ ಇನ್ನೂ ಕಿರಿದಾಗುತ್ತದೆ. ಸಾಲ್ಬುಟಮಾಲ್ ಆ ಬಿಗಿತವನ್ನು ಕೆಲವೇ ನಿಮಿಷಗಳಲ್ಲಿ ಸಡಿಲಿಸುತ್ತದೆ. ಅದಕ್ಕೇ ಎಲ್ಲರಿಗೂ ಅದರ ಮೇಲೆ ಪ್ರೀತಿ ಜಾಸ್ತಿ. ಆದರೆ 4ರಿಂದ 6 ಗಂಟೆಗೆ ಅದರ ಆಟ ಮುಗಿಯುತ್ತದೆ, ಊತ ಇದ್ದ ಹಾಗೇ ಇರುತ್ತದೆ. ಊತ ಇಳಿಸುವುದು ಸ್ಟೀರಾಯ್ಡ್. ಅದಕ್ಕೆ ದಿನಗಳು, ಕೆಲವೊಮ್ಮೆ ವಾರಗಳು ಬೇಕು. ಬರೀ ಸಾಲ್ಬುಟಮಾಲ್ ನೆಚ್ಚಿಕೊಂಡು ಅಸ್ತಮಾಗೆ ಚಿಕಿತ್ಸೆ ಮಾಡಬಾರದೆಂದು ಜಾಗತಿಕ ಅಸ್ತಮಾ ಮಾರ್ಗಸೂಚಿ 'ಜೀನಾ' 2019ರಲ್ಲೇ ಹೇಳಿದೆ.

ಇನ್ನು ಮಾತ್ರೆ. ಲೆಕ್ಕ ನೋಡಿ: ಸಾಲ್ಬುಟಮಾಲ್ ಮಾತ್ರೆಯಲ್ಲಿ 2 ಅಥವಾ 4 ಮಿಲಿಗ್ರಾಂ ಇರುತ್ತದೆ. ಇನ್ಹೇಲರಿನ ಒಂದು ಪಫ್‌ನಲ್ಲಿ, ಅಂದರೆ ಒಂದು ಸಲ ಒತ್ತಿದಾಗ, 100 ಮೈಕ್ರೋಗ್ರಾಂ. 1000 ಮೈಕ್ರೋಗ್ರಾಂ ಸೇರಿದರೆ 1 ಮಿಲಿಗ್ರಾಂ. ಅಂದರೆ 4 ಮಿಲಿಗ್ರಾಂ ಮಾತ್ರೆ ನುಂಗಿದರೆ 40 ಪಫ್‌ನಷ್ಟು ಔಷಧ ಮೈಯೆಲ್ಲ ಸುತ್ತುತ್ತದೆ. ಕೈ ನಡುಗುವುದು, ಎದೆ ಹೊಡೆದುಕೊಳ್ಳುವುದು ಸುಮ್ನೆ ಅಲ್ಲ. ಸ್ಟೀರಾಯ್ಡ್ ವಿಷಯದಲ್ಲೂ ಅಷ್ಟೇ. ವರ್ಷಗಟ್ಟಲೆ ಮಾತ್ರೆ ನುಂಗಿದರೆ ಮೂಳೆ, ಸಕ್ಕರೆ ಅಂಶ, ಕಣ್ಣು ಎಲ್ಲಕ್ಕೂ ತೊಂದರೆ. ಎಳೆದುಕೊಳ್ಳುವ ಡೋಸು ತೀರಾ ಚಿಕ್ಕದು, ಹೋಗುವುದೂ ನೇರ ಶ್ವಾಸನಾಳಕ್ಕೆ. ಡೋಸ್ ಜಾಸ್ತಿಯಾದರೆ ಅದಕ್ಕೂ ಅಡ್ಡಪರಿಣಾಮ ಉಂಟು, ಇಲ್ಲವೆನ್ನುವುದಿಲ್ಲ. ಸಾಮಾನ್ಯವಾಗಿ ಕಾಡುವುದು ದನಿ ಒಡೆಯುವುದು, ಬಾಯಲ್ಲಿ ಬಿಳಿ ಅಗ್ರ (ಬೂಷ್ಟಿನ ಸೋಂಕು). ಎಳೆದ ಮೇಲೆ ಬಾಯಿ ಮುಕ್ಕಳಿಸಿ ಉಗುಳಿದರೆ ಇವು ಬಹುಮಟ್ಟಿಗೆ ತಪ್ಪುತ್ತವೆ.

ಆದರೆ ನನ್ನ ಅನುಮಾನ ಬೇರೆಯೇ. ನೀವು ಎಳೆಯುವ ರೀತಿ ಸರಿಯಿದೆಯೇ? ಎಷ್ಟೋ ಜನರ ಔಷಧ ಗಂಟಲಲ್ಲೇ ಉಳಿದುಬಿಡುತ್ತದೆ. ಒತ್ತುವ ಡಬ್ಬಿಯಾದರೆ ಚೆನ್ನಾಗಿ ಅಲ್ಲಾಡಿಸಿ. ಉಸಿರು ಪೂರ್ತಿ ಹೊರಬಿಡಿ. ಇನ್ಹೇಲರಿನ ಬಾಯಿಯ ಸುತ್ತ ತುಟಿ ಬಿಗಿಯಾಗಿ ಮುಚ್ಚಿ, ಎಳೆಯಲು ಶುರು ಮಾಡುತ್ತಲೇ ಒತ್ತಿ, ನಿಧಾನಕ್ಕೆ ಆಳವಾಗಿ ಎಳೆಯಿರಿ. 10 ಸೆಕೆಂಡ್ ಉಸಿರು ಹಿಡಿಯಿರಿ. ಒತ್ತುವುದು, ಎಳೆಯುವುದು ಜೊತೆಗೂಡದಿದ್ದರೆ ಸ್ಪೇಸರ್ (ಇನ್ಹೇಲರಿಗೆ ಸಿಕ್ಕಿಸುವ ಟೊಳ್ಳು ಕೊಳವೆ) ಹಾಕಿಕೊಳ್ಳಿ. ಅದು ಮಕ್ಕಳಿಗೆ ಮಾತ್ರ ಅಂತೇನಿಲ್ಲ. ಪುಡಿಯ ಇನ್ಹೇಲರ್ ಆದರೆ ಉಲ್ಟಾ: ಜೋರಾಗಿ, ರಭಸದಿಂದ ಎಳೆಯಬೇಕು, ಅದರೊಳಗೆ ಊದಲೇಬಾರದು.

ಮುಂದಿನ ಸಲ ಡಾಕ್ಟರ ಎದುರೇ ಒಮ್ಮೆ ಎಳೆದು ತೋರಿಸಿ. ಡೋಸ್ ಕಡಿಮೆ ಮಾಡಬಹುದೇ ಎಂದೂ ಆಗಲೇ ಕೇಳಿ. ಕೆಲವು ತಿಂಗಳು ಅಸ್ತಮಾ ಹತೋಟಿಯಲ್ಲಿದ್ದರೆ ಅವರೇ ಇಳಿಸುತ್ತಾರೆ. ಸಾಲ್ಬುಟಮಾಲ್ ಪದೇಪದೇ ಬೇಕಾಗುತ್ತಿದ್ದರೆ ಅಲ್ಲಿಯವರೆಗೂ ಕಾಯಬೇಡಿ. ಎಳೆದರೂ ಒಂದು ವಾಕ್ಯ ಪೂರ್ತಿ ಆಡಲಾಗದಷ್ಟು ಏದುಸಿರು ಬಂದರೆ ನೇರ ಆಸ್ಪತ್ರೆಗೆ ಹೋಗಿ.