ಸರಿಯುವ ಬಂಡೆ, ತೇಲುವ ಬೆಂಕಿಯುಂಡೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಅಮೆರಿಕದ ಡೆತ್ ವ್ಯಾಲಿಯಲ್ಲಿ ಬಂಡೆಗಳು ಯಾರೂ ಮುಟ್ಟದೆ ತಾವಾಗಿಯೇ ಸರಿಯುತ್ತವೆಯಂತೆ. ಇದಕ್ಕೆ ಭೂಮಿಯ ಅಯಸ್ಕಾಂತ ಶಕ್ತಿ ಕಾರಣವೆ?

ಉತ್ತರ: ಅಯಸ್ಕಾಂತಕ್ಕೂ ಇದಕ್ಕೂ ಸಂಬಂಧವಿಲ್ಲ. ಕ್ಯಾಲಿಫೋರ್ನಿಯಾದ ಡೆತ್ ವ್ಯಾಲಿ ರಾಷ್ಟ್ರೀಯ ಉದ್ಯಾನದಲ್ಲಿ ರೇಸ್‌ಟ್ರ್ಯಾಕ್ ಪ್ಲಾಯಾ ಎಂಬ ಬತ್ತಿದ ಸರೋವರದ ಅಂಗಳವಿದೆ. ಬಿರುಕುಬಿಟ್ಟ ಒಣ ಕೆಸರಿನ ಆ ಸಮತಟ್ಟು ನೆಲದ ಮೇಲೆ, ಅಂಚಿನ ಗುಡ್ಡಗಳಿಂದ ಉರುಳಿಬಿದ್ದ ಬಂಡೆಗಳ ಹಿಂದೆ ಹತ್ತಾರು, ಕೆಲವೊಮ್ಮೆ ನೂರಾರು ಮೀಟರ್ ಉದ್ದದ ಜಾಡುಗಳು ಕಾಣುತ್ತವೆ. ಬಂಡೆಗಳಲ್ಲಿ ಅತಿ ದೊಡ್ಡವು 300 ಕಿಲೋಗ್ರಾಂ ತೂಗುತ್ತವೆ. ಎರಡು ಬಂಡೆಗಳ ಜಾಡು ಅಕ್ಕಪಕ್ಕದಲ್ಲೇ ಸಾಗಿ ಒಂದೇ ಜಾಗದಲ್ಲಿ ಒಂದೇ ದಿಕ್ಕಿಗೆ ತಿರುಗಿರುವುದೂ ಉಂಟು.

1948ರಲ್ಲಿ ಇದನ್ನು ಮೊದಲು ಅಧ್ಯಯನ ಮಾಡಿದ ಭೂವಿಜ್ಞಾನಿಗಳು ಸುಂಟರಗಾಳಿಯನ್ನು ಕಾರಣವೆಂದು ಊಹಿಸಿದರು. 1955ರಲ್ಲಿ ಜಾರ್ಜ್ ಸ್ಟ್ಯಾನ್ಲಿ, ಬಂಡೆಗಳ ಸುತ್ತ ಕಟ್ಟಿದ ಮಂಜುಗಡ್ಡೆಯ ಹಾಳೆ ಗಾಳಿಗೆ ಸಿಕ್ಕಿ ಅವುಗಳನ್ನು ಎಳೆದೊಯ್ಯುತ್ತದೆ ಎಂದರು. ಇದನ್ನು ಪರೀಕ್ಷಿಸಲು ಮುಂದೆ ರಾಬರ್ಟ್ ಶಾರ್ಪ್ ಮತ್ತು ಡ್ವೈಟ್ ಕ್ಯಾರಿ ಎರಡು ಕಲ್ಲುಗಳ ಸುತ್ತ ಗೂಟಗಳನ್ನು ನೆಟ್ಟರು. ಮಂಜುಗಡ್ಡೆಯ ಹಾಳೆಯೇ ಕಾರಣವಾಗಿದ್ದರೆ ಗೂಟಗಳು ಅದನ್ನು ತಡೆದು ನಿಲ್ಲಿಸಬೇಕಿತ್ತು. ಆದರೆ ಒಂದು ಕಲ್ಲು ಬೇಲಿ ದಾಟಿ ಹೋಯಿತು, ಇನ್ನೊಂದು ಒಳಗೇ ಉಳಿಯಿತು. ವಾದ ಇತ್ತ ಕಡೆಗೂ ತೀರಲಿಲ್ಲ, ಅತ್ತ ಕಡೆಗೂ ತೀರಲಿಲ್ಲ.

ಒಗಟು ಬಿಡಿಸಿದ್ದು ಹೊಸ ಊಹೆಯಲ್ಲ, ಕಾದು ಕುಳಿತ ಉಪಕರಣ. 2011ರಲ್ಲಿ ರಿಚರ್ಡ್ ನಾರಿಸ್ ಮತ್ತು ಜೇಮ್ಸ್ ನಾರಿಸ್ ಅವರ ತಂಡವು ಅಲ್ಲಿ ಹವಾಮಾನ ಕೇಂದ್ರವೊಂದನ್ನು ನಿಲ್ಲಿಸಿ, ಹೊರಗಿನಿಂದ ತಂದ 15 ಸುಣ್ಣಕಲ್ಲುಗಳಲ್ಲಿ ಜಿಪಿಎಸ್ ಸಾಧನಗಳನ್ನು ಅಳವಡಿಸಿ ನೆಲದ ಮೇಲೆ ಇಟ್ಟುಬಂದಿತು. 2013ರ ಡಿಸೆಂಬರಿನಲ್ಲಿ ಅವರು ಹೋದಾಗ ಅಂಗಳದಲ್ಲಿ ಕೆಲವೇ ಸೆಂಟಿಮೀಟರ್ ಆಳದ ನೀರು ನಿಂತಿತ್ತು. ರಾತ್ರಿಯ ಚಳಿಗೆ ಅದರ ಮೇಲೆ ಕಿಟಕಿಯ ಗಾಜಿನಷ್ಟು ತೆಳ್ಳಗೆ, ಅಂದರೆ 3ರಿಂದ 6 ಮಿಲಿಮೀಟರ್ ದಪ್ಪಕ್ಕೆ, ಮಂಜುಗಡ್ಡೆ ಕಟ್ಟುತ್ತಿತ್ತು. ಡಿಸೆಂಬರ್ 20ರಂದು ಬಿಸಿಲೇರುತ್ತಿದ್ದಂತೆ ಅದು ಸದ್ದು ಮಾಡುತ್ತಾ ಒಡೆದು, ಹತ್ತಾರು ಮೀಟರ್ ಅಗಲದ ಹಾಳೆಗಳಾಗಿ ತೇಲತೊಡಗಿತು. ಸೆಕೆಂಡಿಗೆ 4–5 ಮೀಟರ್ ವೇಗದ ಹಗುರ ಗಾಳಿಯೇ ಆ ಹಾಳೆಗಳನ್ನು ತಳ್ಳಲು ಸಾಕಾಯಿತು. ಹಾಳೆಗಳು ನೆನೆದು ಜಾರುತ್ತಿದ್ದ ಕೆಸರಿನ ಮೇಲೆ ಕಲ್ಲುಗಳನ್ನು ನಿಮಿಷಕ್ಕೆ 2ರಿಂದ 5 ಮೀಟರ್‌ನಂತೆ ನೂಕಿಕೊಂಡು ಹೋದವು. ಈ ವೇಗ ಎಷ್ಟು ಕಡಿಮೆಯೆಂದರೆ, ದೂರದ ದಡದಲ್ಲಿ ನಿಂತವರಿಗೆ ಕಲ್ಲು ಸರಿಯುತ್ತಿರುವುದು ಗೊತ್ತಾಗುವುದೇ ಕಷ್ಟ.

ಸ್ಟ್ಯಾನ್ಲಿ ಅವರ ಊಹೆ ಸತ್ಯಕ್ಕೆ ಹತ್ತಿರವಿತ್ತು. ಆದರೆ ದಪ್ಪ ಮಂಜುಗಡ್ಡೆಯಾಗಲಿ ಬಿರುಗಾಳಿಯಾಗಲಿ ಬೇಕಿರಲಿಲ್ಲ. ಮಳೆ, ಹೆಪ್ಪುಗಟ್ಟಿಸುವ ಚಳಿ, ಬಿಸಿಲು ಮತ್ತು ಹದವಾದ ಗಾಳಿ ಇದೇ ಕ್ರಮದಲ್ಲಿ ಕೂಡಿಬರುವುದು ಅಪರೂಪ. ಹಾಗಾಗಿಯೇ ಬಂಡೆಗಳ ಚಲನೆ ಅಷ್ಟು ಕಾಲ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಪ್ರಶ್ನೆ: ಗುಡುಗು ಸಿಡಿಲಿನ ಸಮಯದಲ್ಲಿ ಗಾಳಿಯಲ್ಲಿ ತೇಲುವ ಬೆಂಕಿಯ ಉಂಡೆಯನ್ನು ಕಂಡವರಿದ್ದಾರೆ. ಇದು ನಿಜವೋ, ಕಣ್ಣಿನ ಭ್ರಮೆಯೋ?

ಉತ್ತರ: ಬಾಲ್ ಲೈಟ್ನಿಂಗ್ ಎಂದು ಕರೆಯಲಾಗುವ ಈ ಉಂಡೆ ಮಿಂಚನ್ನು ಬೇರೆ ಬೇರೆ ಕಾಲದ, ಬೇರೆ ಬೇರೆ ದೇಶಗಳ ಜನ ಸರಿಸುಮಾರು ಒಂದೇ ರೀತಿಯಲ್ಲಿ ವರ್ಣಿಸಿದ್ದಾರೆ. ಆದರೆ ಡೆತ್ ವ್ಯಾಲಿಯ ಕಲ್ಲುಗಳಂತೆ ಇದು ಒಂದು ಜಾಗದಲ್ಲಿ ಇರುವುದಿಲ್ಲ. ಎಲ್ಲಿ ಹುಟ್ಟುತ್ತದೆಂದು ತಿಳಿಯದಿರುವಾಗ ಉಪಕರಣವನ್ನು ಎಲ್ಲಿ ಇಡುವುದು? 2012ರಲ್ಲಿ ಅದೃಷ್ಟ ಕೈಹಿಡಿಯಿತು. ಚೀನಾದ ಲಾನ್ಝೌ ನಗರದ ನಾರ್ತ್‌ವೆಸ್ಟ್ ನಾರ್ಮಲ್ ವಿಶ್ವವಿದ್ಯಾಲಯದ ಸಂಶೋಧಕರು ಸಾಧಾರಣ ಮಿಂಚಿನ ಅಧ್ಯಯನಕ್ಕೆಂದು ಇಟ್ಟಿದ್ದ ಕ್ಯಾಮೆರಾ ಮತ್ತು ರೋಹಿತಮಾಪಕಗಳಲ್ಲಿ (ಬೆಳಕನ್ನು ಬಣ್ಣಗಳಾಗಿ ಬಿಡಿಸಿ ಅಳೆಯುವ ಉಪಕರಣ), ಸುಮಾರು 900 ಮೀಟರ್ ದೂರದಲ್ಲಿ ಸಿಡಿಲು ನೆಲಕ್ಕೆ ಬಡಿದ ಬಳಿಕ ಹುಟ್ಟಿದ ಹೊಳೆಯುವ ಉಂಡೆಯೊಂದು ದಾಖಲಾಯಿತು. ಅದು ಎರಡು ಸೆಕೆಂಡಿಗೂ ಕಡಿಮೆ ಕಾಲ ಬಾಳಿತು. 2014ರಲ್ಲಿ ಪ್ರಕಟವಾದ ಅದರ ಬೆಳಕಿನ ವಿಶ್ಲೇಷಣೆಯಲ್ಲಿ ಸಿಲಿಕಾನ್, ಕಬ್ಬಿಣ ಮತ್ತು ಕ್ಯಾಲ್ಸಿಯಂ ಧಾತುಗಳ ಗುರುತು ಸಿಕ್ಕಿತು. ಇವೆಲ್ಲ ಮಣ್ಣಿನಲ್ಲಿ ಸಹಜವಾಗಿ ಇರುವಂಥವು.

ನ್ಯೂಜಿಲೆಂಡಿನ ಜಾನ್ ಅಬ್ರಹಾಂಸನ್ ಮತ್ತು ಜೇಮ್ಸ್ ಡಿನ್ನಿಸ್ 2000ದಲ್ಲಿ ಮುಂದಿಟ್ಟಿದ್ದ ವಿವರಣೆಗೆ ಇದು ಬಲ ತಂದಿತು. ಸಿಡಿಲು ಬಡಿದಾಗ ಮಣ್ಣಿನಲ್ಲಿರುವ ಸಿಲಿಕಾನ್ ಆವಿಯಾಗಿ ಮೇಲೆದ್ದು, ಅತಿ ಸೂಕ್ಷ್ಮ ಕಣಗಳಾಗಿ ಗಾಳಿಯ ಆಮ್ಲಜನಕದೊಡನೆ ನಿಧಾನವಾಗಿ ಉರಿಯುತ್ತದೆ ಎಂಬುದು ಅವರ ವಾದ. ಬಯಲಿನಲ್ಲಿ ಕಾಣುವ ಉಂಡೆಗಳಿಗೆ ಇದು ಒಪ್ಪುತ್ತದೆ. ಹಾರುತ್ತಿರುವ ವಿಮಾನದೊಳಗೆ ಇಂಥ ಉಂಡೆಯನ್ನು ಕಂಡ ವರದಿಗಳಿಗೆ ಮಾತ್ರ ಒಪ್ಪುವುದಿಲ್ಲ, ಏಕೆಂದರೆ ಅಲ್ಲಿ ಮಣ್ಣೇ ಇಲ್ಲ. ತೀವ್ರವಾದ ಮಿಂಚಿನ ಕಾಂತಕ್ಷೇತ್ರ ಮೆದುಳಿನ ಮೇಲೆ ಪರಿಣಾಮ ಬೀರಿ, ಇಲ್ಲದ ಬೆಳಕನ್ನು ಕಾಣಿಸಬಹುದೆಂದೂ ಕೆಲವು ಭೌತವಿಜ್ಞಾನಿಗಳು ವಾದಿಸಿದ್ದಾರೆ. ನಾವು ಒಂದೇ ಹೆಸರಿನಿಂದ ಕರೆಯುತ್ತಿರುವುದು ಎರಡು ಮೂರು ಬೇರೆ ವಿದ್ಯಮಾನಗಳನ್ನು ಇರಬಹುದು ಎಂಬ ಅನುಮಾನ ನನಗಿದೆ.

ಪ್ರಶ್ನೆ: ಬರ್ಮುಡಾ ತ್ರಿಕೋನದಲ್ಲಿ ಹಡಗುಗಳು ಮುಳುಗಲು ಸಮುದ್ರತಳದಿಂದ ಉಕ್ಕುವ ಮೀಥೇನ್ ಅನಿಲ ಕಾರಣವೆ?

ಉತ್ತರ: ನೀರಿನಲ್ಲಿ ಗುಳ್ಳೆಗಳು ತುಂಬಿದರೆ ಅದರ ಸಾಂದ್ರತೆ ಕುಗ್ಗಿ ತೇಲುವ ವಸ್ತು ಮುಳುಗಬಹುದು ಎಂಬುದೇನೋ ನಿಜ. ಆದರೆ ಹಡಗು ಸಂಚಾರ ದಟ್ಟವಾಗಿರುವ ಇತರ ಸಮುದ್ರಗಳಿಗಿಂತ ಅಲ್ಲಿ ಹೆಚ್ಚು ಹಡಗುಗಳು ಕಣ್ಮರೆಯಾಗಿವೆ ಎನ್ನಲು ಆಧಾರವೇ ಇಲ್ಲ. ಚಂಡಮಾರುತ, ಗಲ್ಫ್ ಸ್ಟ್ರೀಮ್ ಎಂಬ ಸಾಗರ ಪ್ರವಾಹದ ಸೆಳೆತ, ಹವಳದ ದಿಬ್ಬಗಳು ಸಾಕಷ್ಟು ಕಾರಣ ಒದಗಿಸುತ್ತವೆ. ಇಲ್ಲದ ರಹಸ್ಯಕ್ಕೆ ವಿವರಣೆ ಹುಡುಕುವ ಶ್ರಮ ಬೇಡ.

ಪ್ರಶ್ನೆ: ನಮೀಬಿಯಾದ ಹುಲ್ಲುಗಾವಲಿನಲ್ಲಿ ಕಾಣುವ ಬೋಳು ವೃತ್ತಗಳಿಗೆ ಕಾರಣ ತಿಳಿದಿದೆಯೆ?

ಉತ್ತರ: ಫೇರಿ ಸರ್ಕಲ್ ಎಂದು ಹೆಸರಾದ ಈ ವೃತ್ತಗಳ ವಿಷಯದಲ್ಲಿ ಜಗಳ ಇನ್ನೂ ಮುಗಿದಿಲ್ಲ. ಮರಳಿನೊಳಗಿನ ಗೆದ್ದಲು ಹುಲ್ಲಿನ ಬೇರು ತಿಂದು ನೆಲವನ್ನು ಬೋಳಾಗಿಸುತ್ತದೆ, ಹುಲ್ಲು ಹೀರದೆ ಉಳಿದ ಮಳೆನೀರು ಅಲ್ಲಿ ಸಂಗ್ರಹವಾಗುತ್ತದೆ ಎಂದು ನಾರ್ಬರ್ಟ್ ಯುರ್ಗೆನ್ಸ್ 2013ರಲ್ಲಿ ವಾದಿಸಿದರು. ಅಲ್ಪ ನೀರಿಗಾಗಿ ಹುಲ್ಲುಗಳ ನಡುವೆಯೇ ನಡೆಯುವ ಪೈಪೋಟಿಯಿಂದ ಬೋಳು ಜಾಗ ಉಂಟಾಗುತ್ತದೆ ಎಂಬುದು ಸ್ಟೀಫನ್ ಗೆಟ್ಜಿನ್ ಮತ್ತು ಸಂಗಡಿಗರ ಪಕ್ಷ. 2022ರಲ್ಲಿ ಅವರು ಮಳೆ ಬಿದ್ದ ಕೂಡಲೇ ವೃತ್ತದೊಳಗೆ ಮೊಳೆತ ಹುಲ್ಲನ್ನು ಅಗೆದು ನೋಡಿದಾಗ, ಅದು ಒಣಗಿ ಸತ್ತಿದ್ದರೂ ಬೇರಿನಲ್ಲಿ ಗೆದ್ದಲು ತಿಂದ ಗುರುತು ಕಾಣಲಿಲ್ಲ. 2017ರಲ್ಲಿ ಇನ್ನೊಂದು ತಂಡ, ಎರಡೂ ಕಾರಣಗಳು ಒಟ್ಟಿಗೆ ಕೆಲಸ ಮಾಡಿದರೆ ಇಂಥದ್ದೇ ವಿನ್ಯಾಸ ಮೂಡುತ್ತದೆ ಎಂದು ಗಣಿತದ ಮಾದರಿಯಿಂದ ತೋರಿಸಿತ್ತು. ಪಶ್ಚಿಮ ಆಸ್ಟ್ರೇಲಿಯಾದ ನ್ಯೂಮನ್ ಬಳಿಯೂ ಇಂಥ ವೃತ್ತಗಳಿವೆ. ಅಲ್ಲಿನ ಬೋಳು ನೆಲ ಮರಳಲ್ಲ, ಗಟ್ಟಿಯಾದ ಜೇಡಿಮಣ್ಣು. ಅದರ ಮೇಲೆ ಬಿದ್ದ ನೀರು ಇಂಗದೆ ಸುತ್ತಲಿನ ಹುಲ್ಲಿಗೆ ಹರಿದುಹೋಗುತ್ತದೆ. ಆದ್ದರಿಂದ ಎರಡೂ ಕಡೆಗೆ ಒಂದೇ ಉತ್ತರವನ್ನು ಅನ್ವಯಿಸುವುದು ಸರಿಯಲ್ಲ.