ಕರೆಂಟ್ ಮುಗಿದು ಎರಡು ತಿಂಗಳಿಗೆ ಬರುವ ಕೆಮ್ಮು

ನಮ್ಮ ತಂದೆಯವರಿಗೆ 61 ವರ್ಷ. ಬಲ ಶ್ವಾಸಕೋಶದ ಕ್ಯಾನ್ಸರಿಗೆ ಹುಬ್ಬಳ್ಳಿಯಲ್ಲಿ ಕಿಮೊ ಜೊತೆ 30 ಸಲ ಕರೆಂಟ್ (ರೇಡಿಯೇಷನ್) ಕೊಡಿಸಿದೆವು. ಮುಗಿದು 9 ವಾರ ಆಯಿತು. ಗಂಟಲುರಿ ಹೋಗಿ ಊಟ ಶುರು ಮಾಡಿದ್ದರು. ಈಗ ಹದಿನೈದು ದಿನದಿಂದ ಒಣ ಕೆಮ್ಮು, ಮೆಟ್ಟಿಲು ಹತ್ತಿದರೆ ದಮ್ಮು, ಸಂಜೆ ಮೈ ಬಿಸಿ. ಊರಿನ ಡಾಕ್ಟರು ಎರಡು ಕೋರ್ಸ್ ಆಂಟಿಬಯೋಟಿಕ್ ಕೊಟ್ಟರೂ ಗುಣವಿಲ್ಲ. ಕ್ಯಾನ್ಸರ್ ತಿರುಗಿ ಬಂತೇ? ಮೊಮ್ಮಕ್ಕಳನ್ನು ಹತ್ತಿರ ಬಿಡಬಹುದೇ? ಊಟಕ್ಕೆ ಏನು ಕೊಡಬೇಕು?
– ಓದುಗರು, ರೋಣ ತಾಲೂಕು

ಸಂಪಾದಕರ ಉತ್ತರ:

ನಿಮ್ಮ ಪತ್ರದಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು '9 ವಾರ' ಎಂಬ ಲೆಕ್ಕ. ರೇಡಿಯೇಷನ್ನಿನ ತೊಂದರೆಗಳು ಒಟ್ಟಿಗೇ ಬಂದು ಒಟ್ಟಿಗೇ ಹೋಗುವುದಿಲ್ಲ. ಅನ್ನನಾಳದ ಉರಿ ಚಿಕಿತ್ಸೆಯ ಎರಡು–ಮೂರನೇ ವಾರಕ್ಕೆ ಶುರುವಾಗಿ, ಮುಗಿದ ಮೇಲೆ ಸಾಮಾನ್ಯವಾಗಿ ತಿಂಗಳೊಳಗೆ ಇಳಿಯುತ್ತದೆ. ಶ್ವಾಸಕೋಶದ ಉರಿಯೂತ ಮಾತ್ರ ತಡಮಾಡಿ ಬರುವಂಥದ್ದು. ಹೆಚ್ಚಿನವರಲ್ಲಿ ಚಿಕಿತ್ಸೆ ಮುಗಿದ 1ರಿಂದ 3 ತಿಂಗಳಿಗೆ, ಕೆಲವರಲ್ಲಿ 6 ತಿಂಗಳಿಗೆ ಅದು ತಲೆ ಎತ್ತುತ್ತದೆ. ಒಣ ಕೆಮ್ಮು, ನಡೆದರೆ ದಮ್ಮು, ಸಣ್ಣ ಜ್ವರ ಅದರ ಗುರುತು. ವೈದ್ಯರು ಇದನ್ನು ರೇಡಿಯೇಷನ್ ನ್ಯುಮೋನೈಟಿಸ್ ಎನ್ನುತ್ತಾರೆ. ಇದಕ್ಕೆ ರೋಗಾಣು ಕಾರಣವಲ್ಲ, ಆದ್ದರಿಂದ ಆಂಟಿಬಯೋಟಿಕ್ಕಿಗೆ ಇದು ಜಗ್ಗುವುದೂ ಇಲ್ಲ.

ನಿಮ್ಮ ತಂದೆಯವರಿಗೆ ಆಗಿರುವುದು ಇದೇ ಎಂದು ಪತ್ರ ಓದಿ ಹೇಳಲು ಬರುವುದಿಲ್ಲ. ಟಿಬಿ, ಬೇರೆ ಸೋಂಕು, ಶ್ವಾಸಕೋಶದ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತ, ಕ್ಯಾನ್ಸರೇ ಬೆಳೆದಿರುವುದು, ಎಲ್ಲಕ್ಕೂ ಇವೇ ಲಕ್ಷಣಗಳು. ಆದರೆ ಈ ಕೆಮ್ಮನ್ನು ಇನ್ನು ಊರಲ್ಲಿ ಇಟ್ಟುಕೊಂಡು ಕೂರಬೇಡಿ. ಮೂರನೇ ಕೋರ್ಸ್ ಆಂಟಿಬಯೋಟಿಕ್ ಬೇಡ, ಆಡುಸೋಗೆ ಕಷಾಯ ಕುಡಿಸುತ್ತ ವಾರ ಕಳೆಯುವುದೂ ಬೇಡ. ಈ ವಾರವೇ ಕರೆಂಟ್ ಕೊಟ್ಟ ವಿಭಾಗಕ್ಕೇ ಕರೆದುಕೊಂಡು ಹೋಗಿ. 'ಚಿಕಿತ್ಸೆ ಮುಗೀತು, ಇನ್ನ ಅಲ್ಲೇನು ಕೆಲಸ' ಎಂದುಕೊಳ್ಳುವುದರಿಂದಲೇ ನಮ್ಮ ಕಡೆ ಬಹಳ ಜನ ತಡಮಾಡಿಕೊಳ್ಳುತ್ತಾರೆ.

ಅದೇ ವಿಭಾಗ ಏಕೆಂದರೆ, ಕಿರಣ ಯಾವ ದಿಕ್ಕಿನಿಂದ, ಎಷ್ಟು ಅಗಲಕ್ಕೆ ಬಿದ್ದಿತ್ತು ಎಂಬ ನಕ್ಷೆ ಅವರ ಕಂಪ್ಯೂಟರಿನಲ್ಲಿರುತ್ತದೆ. ಸೋಂಕಿನ ನ್ಯುಮೋನಿಯಾ ಸಾಮಾನ್ಯವಾಗಿ ಶ್ವಾಸಕೋಶದ ಹಾಲೆಗಳ (ಅದರ ದೊಡ್ಡ ಭಾಗಗಳ) ಗಡಿಯನ್ನು ಅನುಸರಿಸಿ ಹರಡುತ್ತದೆ. ಕಿರಣಕ್ಕೆ ಆ ಗಡಿಗಳ ಹಂಗಿಲ್ಲ. ಸಿಟಿ ಸ್ಕ್ಯಾನಿನಲ್ಲಿ ಮಬ್ಬು ಹಾಲೆಯಿಂದ ಹಾಲೆಗೆ ದಾಟಿ ಸ್ಕೇಲಿಟ್ಟು ಗೆರೆ ಎಳೆದಂತೆ ನೇರ ಅಂಚಿನಲ್ಲಿ ನಿಂತಿದ್ದರೆ, ಆ ಅಂಚು ನಕ್ಷೆಯ ಅಂಚಿಗೆ ಹೊಂದಿದರೆ, ಅನುಮಾನ ಬಹುಪಾಲು ಪರಿಹಾರ. ನಕ್ಷೆ ನೋಡದ ವೈದ್ಯರಿಗೆ ಅದೇ ಮಬ್ಬು ಕ್ಯಾನ್ಸರಿನಂತೆಯೋ ಟಿಬಿಯಂತೆಯೋ ಕಾಣಬಹುದು. ಇದೇ ಕಾರಣಕ್ಕೆ ಈಗ ಅವಸರ ಬಿದ್ದು ಪೆಟ್ ಸ್ಕ್ಯಾನ್ ಮಾಡಿಸಬೇಡಿ. ಮೊದಲ ಮೂರು ತಿಂಗಳಲ್ಲಿ ಉರಿಯೂತವೂ ಅದರಲ್ಲಿ ಕ್ಯಾನ್ಸರಿನಂತೆ ಹೊಳೆದು ಮನೆಮಂದಿಯನ್ನೆಲ್ಲ ಹೆದರಿಸುತ್ತದೆ.

ಹೋಗುವಾಗ ಡಿಸ್ಚಾರ್ಜ್ ಕಾರ್ಡ್ (ಕಿರಣ ಅಳೆಯುವ ಗ್ರೇ ಲೆಕ್ಕದಲ್ಲಿ ಒಟ್ಟು ಡೋಸ್ ಎಷ್ಟು, ಎಷ್ಟು ಸಲ, ಕೊನೆಯ ದಿನ ಯಾವುದು ಎಂಬುದು ಅದರಲ್ಲಿರಬೇಕು), ಹಳೆಯ ಸಿಟಿಯ ಸಿಡಿ, ಈಗ ತಿಂದ ಆಂಟಿಬಯೋಟಿಕ್ ಪಟ್ಟಿಗಳ ಖಾಲಿ ಕವಚ ಒಯ್ಯಿರಿ. ಕವಚ ಏಕೆಂದರೆ, ಅದರಲ್ಲಿ ಲಿವೋಫ್ಲಾಕ್ಸಸಿನ್ ಇದ್ದರೆ ಟಿಬಿ ಇದ್ದರೂ ಸ್ವಲ್ಪ ದಿನ ಮರೆಯಾಗುತ್ತದೆ. ಕರೆಂಟ್ ನಂತರ ಡುರ್ವಾಲುಮಾಬ್ (ಕ್ಯಾನ್ಸರಿನ ಇಮ್ಯುನೊಥೆರಪಿ ಔಷಧ) ಇಂಜೆಕ್ಷನ್ ಶುರುವಾಗಿದ್ದರೆ ಅದನ್ನು ಕೇಳುವ ಮೊದಲೇ ಹೇಳಿ. ಅದೂ ಇದೇ ಬಗೆಯ ಉರಿಯೂತ ತರಬಲ್ಲದು.

ಕಫದ ಟಿಬಿ ಪರೀಕ್ಷೆ ಗದಗದ ಸರಕಾರಿ ಆಸ್ಪತ್ರೆಯಲ್ಲಿ ಉಚಿತ. ಬೆಳಗ್ಗೆ ಎದ್ದ ಕೂಡಲೇ ಬಾಯಿ ಮುಕ್ಕಳಿಸಿ, ಎದೆಯಾಳದಿಂದ ಕೆಮ್ಮಿ ತೆಗೆದ ಕಫ ಬೇಕು, ಎಂಜಲಲ್ಲ. ಒಣ ಕೆಮ್ಮಿನವರಿಗೆ ಕಫವೇ ಬರದಿದ್ದರೆ ಉಪ್ಪುನೀರಿನ ನೆಬುಲೈಸರ್ ಕೊಟ್ಟು ತೆಗೆಸುತ್ತಾರೆ. ಈ ಪರೀಕ್ಷೆಗೆ ನಾವು ಒತ್ತು ಕೊಡುವುದಕ್ಕೆ ಕಾರಣವಿದೆ. ನ್ಯುಮೋನೈಟಿಸ್‌ಗೆ ಕೊಡುವುದು ಸ್ಟಿರಾಯ್ಡ್. ಒಳಗೆ ಟಿಬಿ ಇದ್ದರೆ ಸ್ಟಿರಾಯ್ಡ್ ಅದನ್ನು ಕೆರಳಿಸುತ್ತದೆ.

ಆ ಸ್ಟಿರಾಯ್ಡ್ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಮನೆಯಲ್ಲಿ ತಪ್ಪು ಆಗುವುದು ಇಲ್ಲೇ. ಸಾಮಾನ್ಯವಾಗಿ ಪ್ರೆಡ್ನಿಸೋಲೋನ್ ಬರೆಯುತ್ತಾರೆ, ದಿನಕ್ಕೆ 40ರಿಂದ 60 ಮಿಲಿಗ್ರಾಂ ಆಸುಪಾಸಿನಲ್ಲಿ ಶುರು. ನಾಲ್ಕೈದು ದಿನಕ್ಕೇ ಕೆಮ್ಮು ತಗ್ಗಿ, ಹಸಿವು ಹೆಚ್ಚಿ, ಮನುಷ್ಯ ಎದ್ದು ಓಡಾಡುತ್ತಾನೆ. 'ಆರಾಮ ಆತು' ಎಂದು ಗುಳಿಗೆ ಬಿಟ್ಟರೆ ಎರಡು ಅಪಾಯ. ಉರಿಯೂತ ಮೊದಲಿಗಿಂತ ಜೋರಾಗಿ ಮರಳಬಹುದು. ಜೊತೆಗೆ, ವಾರಗಟ್ಟಲೆ ಹೊರಗಿನಿಂದ ಸ್ಟಿರಾಯ್ಡ್ ಸಿಕ್ಕ ದೇಹ ತನ್ನದನ್ನು ತಯಾರಿಸುವುದು ನಿಲ್ಲಿಸಿರುತ್ತದೆ, ಒಮ್ಮೆಲೇ ಬಿಟ್ಟರೆ ಬಿಪಿ ಬಿದ್ದು ಕುಸಿಯಬಹುದು. ಡೋಸ್ ಇಳಿಸುವುದಕ್ಕೆ ಆರು ವಾರದಿಂದ ಮೂರು ತಿಂಗಳು ಹಿಡಿಯುತ್ತದೆ. ಯಾವ ತಾರೀಖಿಗೆ ಎಷ್ಟು ಎಂಬುದನ್ನು ವೈದ್ಯರಿಂದ ಬರೆಸಿಕೊಂಡು ಕ್ಯಾಲೆಂಡರಿನ ಮೇಲೆ ಗುರುತು ಹಾಕಿ. ಗುಳಿಗೆ ಬೆಳಗಿನ ನಾಷ್ಟಾ ಆದ ಮೇಲೆ. ರಾತ್ರಿ ಕೊಟ್ಟರೆ ನಿದ್ದೆ ಕೆಡುತ್ತದೆ. ಸಕ್ಕರೆ ಕಾಯಿಲೆ ಇದ್ದರೆ ಬೆಳಗಿನ ಖಾಲಿ ಹೊಟ್ಟೆಯ ಲೆಕ್ಕ ನಂಬಬೇಡಿ. ಈ ಗುಳಿಗೆಯಿಂದ ಸಕ್ಕರೆ ಏರುವುದು ಮಧ್ಯಾಹ್ನದ ಊಟದಿಂದ ಸಂಜೆಯವರೆಗೆ, ಆಗಲೇ ಬೆರಳು ಚುಚ್ಚಿ ನೋಡಿ. ನಾಲಿಗೆ ಮೇಲೆ ಬಿಳಿ ಪದರ ಕಂಡರೆ ಅದು ಬೂಷ್ಟು, ಔಷಧ ಕೇಳಿ. ಡೋಸ್ ಇಳಿಸುವ ಹೊತ್ತಿನಲ್ಲಿ ದಮ್ಮು ತಿರುಗಿ ಬಂದರೆ ಮುಂದಿನ ಭೇಟಿಯವರೆಗೆ ಕಾಯದೆ ಫೋನ್ ಮಾಡಿ.

ಮನೆಯಲ್ಲಿ ಒಂದು ಪಲ್ಸ್ ಆಕ್ಸಿಮೀಟರ್ (ಬೆರಳಿಗೆ ಹಾಕಿ ರಕ್ತದ ಆಮ್ಲಜನಕ ನೋಡುವ ಯಂತ್ರ) ಇರಲಿ. ಐದು ನಿಮಿಷ ಸುಮ್ಮನೆ ಕೂತ ಮೇಲೆ ನೋಡಿ. ಬೆರಳು ತಣ್ಣಗಿದ್ದರೆ ಉಜ್ಜಿ ಬೆಚ್ಚಗೆ ಮಾಡಿ. ನಂತರ ಅಂಗಳದಲ್ಲಿ ಅವರ ನಡಿಗೆಯಲ್ಲೇ ಆರು ನಿಮಿಷ ನಡೆಸಿ ಮತ್ತೆ ನೋಡಿ. ಕೂತಾಗ 96 ಇದ್ದದ್ದು ನಡೆದ ಮೇಲೆ 91 ಆದರೆ, ಅಂದರೆ 4 ಅಥವಾ ಹೆಚ್ಚು ಇಳಿದರೆ, ಅದು ಹೇಳಲೇಬೇಕಾದ ಸುದ್ದಿ. ಕೂತಲ್ಲೇ 92ಕ್ಕಿಂತ ಕಡಿಮೆಯಾದರೆ ಅದೇ ದಿನ ಆಸ್ಪತ್ರೆಗೆ (ಬೀಡಿಯಿಂದ ಮೊದಲೇ ದಮ್ಮಿನ ಕಾಯಿಲೆ ಇದ್ದವರ ಲೆಕ್ಕ ಬೇರೆ, ಅವರಿಗೆಷ್ಟು ಸಾಕು ಎಂದು ವೈದ್ಯರನ್ನು ಕೇಳಿಟ್ಟುಕೊಳ್ಳಿ). ಕಫದಲ್ಲಿ ರಕ್ತ, ಒಂದೇ ಕಾಲಿಗೆ ಬಾವು, ಎದೆಯಲ್ಲಿ ಹಠಾತ್ ಚುಚ್ಚು, ಮುಖ–ಕುತ್ತಿಗೆ ಊದುವುದು, ಮಾತಾಡಲೂ ಆಗದ ದಮ್ಮು ಕಂಡರೆ ಬಸ್ಸಿಗೆ ಕಾಯದೆ 108ಕ್ಕೆ ಕರೆ ಮಾಡಿ.

ದಮ್ಮು ಬಂದಾಗ ಮಲಗಿಸಬೇಡಿ. ಕುರ್ಚಿಯಲ್ಲಿ ಮುಂದಕ್ಕೆ ಬಾಗಿ, ಮೊಣಕೈ ತೊಡೆಯ ಮೇಲೆ ಊರಿ ಕೂರಲಿ. ಮೂಗಿನಿಂದ ಉಸಿರೆಳೆದು, ತುಟಿ ಕಿರಿದು ಮಾಡಿ ಎರಡರಷ್ಟು ಹೊತ್ತು ಬಿಡಲಿ. ಮುಖಕ್ಕೆ ತಾಗುವಂತೆ ಬೀಸಣಿಕೆ ಬೀಸಿ. ಕೆನ್ನೆಗೆ, ಮೂಗಿಗೆ ತಗಲುವ ತಂಪು ಗಾಳಿ ದಮ್ಮಿನ ಸಂಕಟವನ್ನು ನಿಜಕ್ಕೂ ತಗ್ಗಿಸುತ್ತದೆ. ಒಲೆಯ ಹೊಗೆ, ಒಗ್ಗರಣೆ ಘಾಟು, ರಾಶಿ ಮಾಡುವಾಗಿನ ಧೂಳಿನಿಂದ ದೂರವಿರಲಿ. ಬ್ಯಾಡಗಿ ಪೇಟೆಗೆ ಮೆಣಸಿನಕಾಯಿ ಒಯ್ಯುವ ಕೆಲಸವಿದ್ದರೆ ಈ ವರ್ಷ ಬೇರೆಯವರು ಹೋಗಲಿ. ಬೀಡಿ ಇನ್ನೂ ಇದ್ದರೆ ಮೊದಲು ಅದು ಹೋಗಬೇಕು.

ಮೊಮ್ಮಕ್ಕಳ ವಿಷಯ. ಹೊರಗಿನ ಯಂತ್ರದಿಂದ ಕೊಟ್ಟ ಕಿರಣ ಮೈಯಲ್ಲಿ ಉಳಿಯುವುದಿಲ್ಲ. ಚಿಕಿತ್ಸೆ ನಡೆದ ದಿನಗಳಲ್ಲೂ ದೂರ ಇಡುವ ಅಗತ್ಯವಿರಲಿಲ್ಲ. ಈಗ ಮಾತ್ರ ಕಫದ ವರದಿ ಬರುವವರೆಗೆ ಮಾಸ್ಕ್ ಹಾಕಿಕೊಳ್ಳಲಿ, ಮಕ್ಕಳನ್ನು ಪಕ್ಕದಲ್ಲಿ ಮಲಗಿಸಿಕೊಳ್ಳುವುದು ಬೇಡ. ಅದು ಟಿಬಿಯ ಅನುಮಾನಕ್ಕೆ, ಕರೆಂಟಿಗಲ್ಲ.

ಇನ್ನು ಊಟ. ತೂಕ 50 ಕಿಲೋ ಇದ್ದರೆ ದಿನಕ್ಕೆ 60ರಿಂದ 75 ಗ್ರಾಂ ಪ್ರೋಟೀನ್ ಬೇಕು. ಮೂರು ಹೊತ್ತಿನ ಊಟದಲ್ಲಿ ಇಷ್ಟು ಹಿಡಿಯುವುದಿಲ್ಲ, ಆರು ಸಲ ಸ್ವಲ್ಪ ಸ್ವಲ್ಪ ಕೊಡಿ. ಒಂದು ತತ್ತಿಯಲ್ಲಿ 6 ಗ್ರಾಂ, ಒಂದು ಲೋಟ ಹಾಲಿನಲ್ಲಿ 6–7, ಒಂದು ಮುಷ್ಟಿ (30 ಗ್ರಾಂ) ಶೇಂಗಾದಲ್ಲಿ 7–8, ಅಷ್ಟೇ ಬೇಳೆಯಲ್ಲಿ 7. ಜೋಳದ ನುಚ್ಚಿಗೆ ಹಾಲು, ಅಂಬಲಿಗೆ ಖಾರವಿಲ್ಲದ ಶೇಂಗಾ ಪುಡಿ, ಮೆತ್ತಗೆ ಬೇಯಿಸಿದ ಹೆಸರುಬೇಳೆ ಇವೆಲ್ಲ ನಡೆಯುತ್ತವೆ. ಪೇಢೆಯೂ ಆಗಬಹುದು, ಸಕ್ಕರೆ ಕಾಯಿಲೆ ಇಲ್ಲದಿದ್ದರೆ. ಅಂಬಲಿ ಒಂದರಲ್ಲೇ ದಿನ ಕಳೆದರೆ ಹೊಟ್ಟೆ ತುಂಬಿದರೂ ಸ್ನಾಯು ಕರಗುತ್ತದೆ.

ರೊಟ್ಟಿ ಬಿಸಿಯದನ್ನು ಹಾಲಿನಲ್ಲೋ ಬೇಳೆಯಲ್ಲೋ ನೆನೆಸಿ ತಿನ್ನಲಿ, ಖಡಕ್ ರೊಟ್ಟಿ ಇನ್ನಷ್ಟು ದಿನ ತಡೆಯಲಿ. ಗಂಟಲುರಿ ಹೋದ ಮೂರ್ನಾಲ್ಕು ತಿಂಗಳಿಗೆ ರೊಟ್ಟಿಯ ತುತ್ತು ಎದೆಯಲ್ಲಿ ಸಿಕ್ಕಿಹಾಕಿಕೊಂಡಂತಾಗಿ ನೀರು ಕುಡಿದರೇನೇ ಇಳಿಯುವಂತಾದರೆ, ಅನ್ನನಾಳ ಗಾಯ ಮಾಯುತ್ತ ಕಿರಿದಾಗಿರಬಹುದು. ಅದನ್ನು ಎಂಡೋಸ್ಕೋಪಿಯಲ್ಲಿ ಹಿಗ್ಗಿಸಿ ಸರಿಪಡಿಸುತ್ತಾರೆ, ಕೆಲವರಿಗೆ ಒಂದಕ್ಕಿಂತ ಹೆಚ್ಚು ಸಲ ಮಾಡಬೇಕಾಗುತ್ತದೆ.